ಅರವತ್ತು ಫೂಟಿನ ಬ್ಯಾನರ್, ಅಂಗೈಯಷ್ಟು ನಮೂನೆ

ಆಳಂದದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದು ಫ್ಲೆಕ್ಸ್ ಬ್ಯಾನರ್ ಛಾಪಿಸುವ ಅಂಗಡಿ. ಗಿರಾಕಿಗಳ ಫೋಟೊಗಳು ವರ್ಷದಿಂದ ವರ್ಷಕ್ಕೆ ಹಿಗ್ಗುತ್ತವೆ; ನನ್ನ ಹಳೇ ಕಂಪ್ಯೂಟರಿನ ಮೆಮೊರಿ ಮಾತ್ರ ಇದ್ದಷ್ಟೇ ಇದೆ. ಹೀಗಾಗಿ ಇಲ್ಲಿ ನಗುವಿಗೆ ಬರವಿಲ್ಲ. ಒಂದೇ ಬ್ಯಾನರಿನಿಂದ ಆದದ್ದಿಷ್ಟು.

೧. ದಂಗಾದವರು ಯಾರು?

ಮರುದಿನವೇ ಹೊಸ ಬಟ್ಟೆ ಅಂಗಡಿ ತೆರೆಯಲಿದ್ದವರೊಬ್ಬರು ಕಲಬುರಗಿಯಲ್ಲಿ ಡಿಸೈನ್ ಮಾಡಿಸಿದ ಅರವತ್ತು ಫೂಟಿನ ಬ್ಯಾನರನ್ನು ಪೆನ್‌ಡ್ರೈವಿನಲ್ಲಿ ತಂದರು. ತೆರೆದೆ. ಪರದೆ ಬೆಳ್ಳಗಾಗಿ ಕಂಪ್ಯೂಟರ್ ಹ್ಯಾಂಗ್ ಆಯಿತು.

“ಏನಾಯ್ತ್ರೀ ಸಾವ್ಕಾರ್ರ? ಪೂರಾ ಚಿತ್ರ ನೋಡಲಾರದ ನಾ ಛಾಪಿಸಂಗಿಲ್ಲ. ನಿಮ್ಮ ಕೈಲೆ ಆಗಲಿಲ್ಲಂದ್ರ ಕಲಬುರಗಿಗೇ ಹೋಗ್ತೇನಿ.”

“ಹಂಗ್ಯಾಕ ಭಾಯ್? ನಿಮ್ಮ ಬ್ಯಾನರ್ ನೋಡಿ ಮಷಿನ್ ದಂಗಾಗ್ಯದ, ಅಷ್ಟೇ.”

“ದಂಗಾಗಬೇಕಾದವರು ಜನ್ರೀ, ಮಷಿನ್ ಅಲ್ಲ!”

೨. ಥಂಬ್

ಕೈಗೆ ಬಂದ ಗಿರಾಕಿಯನ್ನು ಬಿಡುವ ಜಾತಿಯವನಲ್ಲ ನಾನು. “ಮೊದಲ ಥಂಬ್‌ನೇಲ್ ತಗೀತೇನಿ. ನೋಡಿ ಹೂಂ ಅನ್ರಿ” ಎಂದೆ.

ಅವರು ಕರವಸ್ತ್ರದಿಂದ ಹೆಬ್ಬೆಟ್ಟು ಒರೆಸಿಕೊಂಡು ಮುಂದೆ ಚಾಚಿದರು. “ತಗೋರಿ. ರೇಷನ್ ಅಂಗಡ್ಯಾಗ ಹತ್ತು ಸರ್ತಿ ಒತ್ತಿದರೂ ಬರಂಗಿಲ್ಲ. ನಿಮ್ಮಲ್ಲಿ ಬರ್ತದೇನು ನೋಡ್ರಿ.”

“ಬೆರಳಲ್ಲ ಭಾಯ್, ಬ್ಯಾನರಿನ ಸಣ್ಣ ನಮೂನೆ!”

“ಹಂಗಂತ ಮೊದಲೇ ಹೇಳಬಾರದೇನ್ರಿ? ನಾ ಹೆಬ್ಬೆಟ್ಟು ಒತ್ತಾಂವಲ್ಲ, ಸಹಿ ಬರ್ತದ ನನಗ!”

೩. ಸಣ್ಣದರಲ್ಲಿ ಕಂಡದ್ದು

ನಾನು ಮೊದಲು ತೊಗರಿ ವ್ಯಾಪಾರಿ. ಗೋದಾಮಿನಲ್ಲಿ ಒಂದೇ ಚೀಲಕ್ಕೆ ಜಾಗವಿದ್ದರೂ ಲಾರಿ ಖಾಲಿ ಮಾಡಬಹುದು. ಬಂದ ಚೀಲವನ್ನು ಬಂದ ಹಾಗೇ ಆಚೆ ಸಾಗಿಸಬೇಕು. ಚಿತ್ರಕ್ಕೂ ಅದನ್ನೇ ಮಾಡಿದೆ. ಇಡೀ ಫೈಲ್ ತೆರೆಯದೆ ಚಿತ್ರದ ಒಂದೊಂದೇ ಪಟ್ಟಿ ಓದಿಸಿ, ಕುಗ್ಗಿಸಿ, ಮೆಮೊರಿಯಿಂದ ಕೆಳಗಿಳಿಸಿ, ಮುಂದಿನ ಪಟ್ಟಿ ಹತ್ತಿಸುವ ಪ್ರೋಗ್ರಾಂ ಹಚ್ಚಿದೆ. ಚಹಾ ಮುಗಿಯುವುದರೊಳಗೆ ಅರವತ್ತು ಫೂಟು ಅಂಗೈಯಷ್ಟಾಗಿ ಅವರ ಮೊಬೈಲಿಗೆ ಹೋಯಿತು.

“ಭಲೇ ಸಾವ್ಕಾರ್ರ!” ಎಂದವರು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದರು. “ಅಂಗಡಿ ಹೆಸರೆಲ್ಲಿ ಅದ?”

ಎಲ್ಲಿಯೂ ಇರಲಿಲ್ಲ; ಬ್ಯಾನರ್ ತುಂಬ ಅವರ ಮತ್ತು ನೆಂಟರ ಮುಖಗಳೇ. ಕಲಬುರಗಿಯಲ್ಲಿ ಒಬ್ಬೊಬ್ಬರ ಮುಖವನ್ನೇ ದೊಡ್ಡದು ಮಾಡಿ ತೋರಿಸಿ ಒಪ್ಪಿಗೆ ಪಡೆದಿದ್ದರಂತೆ. ಜೇವರ್ಗಿಯ ಮಾವಂದಿರು, ಅಫಜಲಪುರದ ಷಡ್ಡಕರು ಎಲ್ಲರೂ ತಂತಮ್ಮ ಮೀಸೆ ನೋಡಿಕೊಂಡು ಹೂಂ ಅಂದಿದ್ದರು. ದೊಡ್ಡ ಮಷಿನ್‌ನವರಿಗೆ ಕಾಣದ್ದು ನನ್ನ ಮುದುಕ ಮಷಿನ್‌ನಿಂದ ಕಂಡಿತು! ನಾನು ಮೀಸೆ ತಿರುವಿದೆ.

“ಹೆಸರಿಗೆ ಜಾಗ ಬೇಕಲ್ಲ ಭಾಯ್. ಯಾರ ಮಾರಿ ತಗೀಲಿ? ಯಾರದು ತೆಗೆದರೂ ನಾಳೆ ಜಗಳ.”

ಅವರು ಮೊಬೈಲಿನ ಚಿತ್ರದ ಮೇಲೆ ಬೆರಳಿಟ್ಟು ಹೇಳಿದರು: “ನಡುವ ಎಲ್ಲಾರಕಿಂತ ದೊಡ್ಡದು ನಂದೇ ಅದ, ಅದನ್ನs ತಗೀರಿ. ನನ್ನ ಮಾರಿ ನೋಡಬೇಕಂದವರು ಒಳಗ ಬಂದು ಬಟ್ಟಿ ಖರೀದಿ ಮಾಡಲಿ!”