ಕೋಳಿ ಡಾಕ್ಟರ್ ಎಂಬ ಹೆಸರು ಬಿದ್ದ ಮೇಲೆ

ಕೋಳಿ ಇದ್ದಲ್ಲಿ ಗೊಂದಲವನ್ನು ಯಾರೂ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಕೆದರಿಕೊಂಡು ಹೊರಗೆ ಬರುತ್ತದೆ. ನಾನು ನೌಕರಿಗೆ ಸೇರಿದ್ದು ದನದ ಡಾಕ್ಟರ್ ಅಂತ. ಎತ್ತಿನ ಗೊರಸು, ಎಮ್ಮೆಯ ಕೆಚ್ಚಲು ನೋಡಿಕೊಂಡು ಆರಾಮಾಗಿ ಇರಬಹುದು ಅಂದುಕೊಂಡಿದ್ದೆ. ಅಷ್ಟರಲ್ಲಿ ಸರಕಾರ ಹಳ್ಳಿಹಳ್ಳಿಗೆ ಬಿಳಿ ವಿಲಾಯ್ತಿ ಕೋಳಿ ಹಂಚತೊಡಗಿತು. ಅವುಗಳ ಹಿಂದೆ ತಿರುಗುವ ಕೆಲಸ ನನಗೆ ಬಂತು. ವರ್ಷ ತುಂಬುವುದರೊಳಗೆ ದನ ಹೋಗಿ ನಾನು ಬರೀ ಕೋಳಿ ಡಾಕ್ಟರ್ ಆದೆ.

೧. ತಪ್ಪಿದ ಬಾಗಿಲು

ಸಿಂದಗಿಯಲ್ಲಿ ಮಂದಿಯ ದವಾಖಾನೆ, ದನದ ದವಾಖಾನೆ ಎರಡೂ ಒಂದೇ ಹಳೆಯ ವಾಡೆಯಲ್ಲಿದ್ದವು. ನಡುವೆ ಒಂದು ಗೋಡೆ, ಅಷ್ಟೇ. ಆ ಕಡೆಯ ಡಾಕ್ಟರು ಮೈಸೂರಿನಿಂದ ಆಗಷ್ಟೇ ಬಂದವರು. ನಮ್ಮ ಕಡೆಯ ಮಾತು ಅವರಿಗೆ ಅರ್ಧ ತಿಳಿಯುತ್ತಿತ್ತು, ಇನ್ನರ್ಧ ಅಂಜಿಸುತ್ತಿತ್ತು.

ಒಂದು ದಿನ ಒಬ್ಬ ಅಜ್ಜಿ ಸೆರಗಿನಲ್ಲಿ ಬುಟ್ಟಿ ಮುಚ್ಚಿಕೊಂಡು ಅವರ ಬಾಗಿಲಿಗೆ ಹೋಗಿ ಕೂತಳು.

"ನಮ್ಮ ಸಣ್ಣವು ನಿನ್ನಿಯಿಂದ ತೂಕಡಸಾಕತ್ತಾವ್ರಿ. ಬೆಳ್ಳಗ ಹೊರಕಡಿ ಆಗಾಕತ್ತೈತಿ," ಅಂದಳಂತೆ.

"ಎಷ್ಟು ಮಕ್ಕಳಮ್ಮಾ?"

"ಒಂದ ಸಲಕ್ಕ ಹನ್ನೆರಡು ಆಗಿದ್ವರಿ. ಎರಡು ಬೆಕ್ಕು ತಿಂತು."

ಡಾಕ್ಟರ ಕೈಯಿಂದ ಪೆನ್ನು ಬಿತ್ತು. "ತಾಯಿ ಎಲ್ಲಿದ್ದಾಳೆ?"

"ಆಕಿಗೇನ್ರಿ, ತಿಪ್ಪಿ ಮ್ಯಾಲ ಕೆದರಕೋತ ಹೊಂಟಾಳ."

"ತಂದೆ? ತಂದೆ ಎಲ್ಲಿ?"

"ಅಪ್ಪನ್ನ ಬೀಗರು ಬಂದಾಗ ಕೊಯ್ದು ಸಾರು ಮಾಡಿದ್ವಿರಿ."

ಡಾಕ್ಟರು ಕೊರಳಲ್ಲಿನ ಸ್ಟೆತಾಸ್ಕೋಪು ಜೋತಾಡಿಸುತ್ತ ಓಡಿಬಂದು ನನ್ನ ಕೋಣೆಗೆ ಬಿದ್ದರು. ಹಿಂದೆಯೇ ಅಜ್ಜಿ, ಅವಳ ಹಿಂದೆ ಪಾಳಿ ಕಾಯುತ್ತಿದ್ದ ರೋಗಿಗಳ ಹೆದರಿದ ಇಡೀ ಸಾಲು. ಬುಟ್ಟಿಯೊಳಗಿನಿಂದ ಚಿಂವ್ ಚಿಂವ್ ಅಂತ ಕೇಳಿದಾಗಲೇ ಅವರಿಗೆ ಉಸಿರು ಬಂದದ್ದು. ಔಷಧ ಕೊಟ್ಟೆ. ಬುಟ್ಟಿಯ ಪಕ್ಕ ಕಂದೀಲು ಇಟ್ಟು ಮರಿಗಳನ್ನು ಬೆಚ್ಚಗೆ ಇಡು ಅಂತ ಹೇಳಿ ಕಳಿಸಿದೆ. ಮರಿಗಳು ಬೇಗ ಚೇತರಿಸಿಕೊಂಡವು. ಡಾಕ್ಟರು ಮಾತ್ರ ಬಹಳ ದಿನ ಕೋಳಿ ಸಾರು ಮುಟ್ಟಲಿಲ್ಲ.

೨. ಯಾವ ರಾಣಿ?

ಇಂಡಿ ಪಟ್ಟಣದ ಹತ್ತಿರದ ಒಂದು ಹಳ್ಳಿಯ ಓಣಿಯಲ್ಲಿ ಕೋಳಿಗಳು ಕತ್ತು ತಿರುಚಿಕೊಂಡು ಬೀಳತೊಡಗಿದ್ದವು. ನೋಡಿದ ಕೂಡಲೇ ಗೊತ್ತಾಯಿತು. "ಇದು ರಾಣಿಖೇತ್ ರೋಗ. ಉಳಿದವಕ್ಕಾದರೂ ಇವತ್ತೇ ಸೂಜಿ ಹಾಕಬೇಕು," ಅಂದೆ.

ಓಣಿಗೆಲ್ಲ ಹಿರಿಯರಾದ ಒಬ್ಬ ಚಾಚಾ ಗಡ್ಡ ಸವರಿಕೊಂಡರು. "ಖೇತ ಅಂದ್ರ ಹೊಲ. ರಾಣಿ ಹೊಲ. ಯಾವ ರಾಣಿದ್ರಿ ಸಾಹೇಬ್ರ? ನಮ್ಮ ಕೋಳಿ ಹಿತ್ತಲ ದಾಟಿದ್ದ ನಾ ನೋಡಿಲ್ಲ."

"ಹೊಲ ಅಲ್ಲ ಚಾಚಾ, ಅದೊಂದು ಊರು. ದೂರ ಉತ್ತರದಾಗ, ಗುಡ್ಡದ ಮ್ಯಾಲ ಐತಿ."

"ಅಷ್ಟ ದೂರ ನಮ್ಮ ಕೋಳಿ ಹೆಂಗ ಹೋದ್ವು?"

"ಕೋಳಿ ಹೋಗಿಲ್ಲ, ರೋಗ ಬಂದೈತಿ."

ಚಾಚಾ ಬಹಳ ಹೊತ್ತು ವಿಚಾರ ಮಾಡಿದರು. ಆಮೇಲೆ ಮುಖ ಅರಳಿತು. ಓಣಿಯ ಕಡೆ ತಿರುಗಿ ಕೂಗಿದರು: "ತಿಳೀತೇಳ್ರಿ! ರೋಗ ರೈಲಿನ್ಯಾಗ ಬಂದು ನಮ್ಮ ಟೇಸನ್ಯಾಗ ಇಳಿದೈತಿ. ಎಲ್ಲಾರೂ ಕೋಳಿ ಹಿಡಕೊಂಡು ಬರ್ರಿ!"

ನಾನು ತಿದ್ದಲು ಹೋಗಲಿಲ್ಲ. ಕೋಳಿಗಳು ಬಂದವಲ್ಲ, ಅಷ್ಟು ಸಾಕಿತ್ತು. ಎಲ್ಲರದೂ ಮುಗಿಯಿತು. ಒಬ್ಬ ಹೆಣ್ಣುಮಗಳು ಮಾತ್ರ ಹುಂಜವನ್ನು ಕಂಕುಳಲ್ಲಿ ಒತ್ತಿಕೊಂಡು ದೂರ ನಿಂತಿದ್ದಳು.

"ನಿಂದು ತಾರವಾ," ಅಂದೆ.

"ನಮಗ ಬ್ಯಾಡ್ರಿ ಸಾಹೇಬ್ರ. ನಾವು ಬಸ್ಸಿನ್ಯಾಗ ತಿರಗ್ಯಾಡೋ ಮಂದಿ."

೩. ಗುಲಾಬಿ ನೀರು

ಬಸವನ ಬಾಗೇವಾಡಿಗೆ ವರ್ಗವಾಗಿದ್ದಾಗ ಅಲ್ಲಿನ ಒಬ್ಬ ಮಾಸ್ತರರ ಮನೆಯ ಕೋಳಿಗಳಿಗೆ ಭೇದಿ ಹತ್ತಿತ್ತು. ಕುಡಿಯುವ ನೀರಿಗೆ ಹಾಕಲು ಕೆಂಪು ಔಷಧದ ಹರಳು ಕೊಟ್ಟು, "ನೀರು ತಿಳಿ ಗುಲಾಬಿ ಆದ್ರ ಸಾಕು, ಹೆಚ್ಚು ಬ್ಯಾಡ," ಅಂದಿದ್ದೆ. ಮಾಸ್ತರರ ಹೆಂಡತಿ ಅಚ್ಚುಕಟ್ಟಿನ ಹೆಂಗಸು. ಥಳಥಳ ತಿಕ್ಕಿದ ಹಿತ್ತಾಳೆ ಪಾತ್ರೆಯಲ್ಲಿ ಅದನ್ನು ಕದಡಿಟ್ಟು, ಕೋಳಿ ಕರೆಯಲು ಹಿತ್ತಲಿಗೆ ಹೋದರು.

ಅದೇ ಹೊತ್ತಿಗೆ ಮಗಳನ್ನು ನೋಡಲು ಮುಳವಾಡದಿಂದ ಗಂಡಿನ ಕಡೆಯವರು ಬಂದರು. ಹೇಳಿದ ವೇಳೆಗಿಂತ ಮೊದಲೇ. ಮಾಸ್ತರರು ಗಾಬರಿಯಿಂದ ಅಡುಗೆಮನೆಗೆ ನುಗ್ಗಿದರೆ ಶರಬತ್ತು ತಯಾರಾಗಿದೆ! ಹೆಂಡತಿಯ ಜಾಣತನಕ್ಕೆ ಹಿಗ್ಗಿ, ಗ್ಲಾಸಿಗೆ ಸುರಿದು, ಮೊದಲು ಗಂಡಿನ ತಂದೆಗೆ ಕೊಟ್ಟರು. ಅವರು ಮರ್ಯಾದೆಯಿಂದ ಪೂರ್ತಿ ಕುಡಿದು ಮೀಸೆ ಒರೆಸಿಕೊಂಡರು.

ಹಿತ್ತಲ ಕಡೆಯಿಂದ ಧ್ವನಿ ಬಂತು: "ಅಯ್ಯ, ಕೋಳಿ ಔಷಧ ಎಲ್ಲಿ ಹೋತು?"

ಮಾಸ್ತರರು ಧೋತರ ಎತ್ತಿ ಹಿಡಿದು ನನ್ನಲ್ಲಿಗೆ ಓಡಿಬಂದರು. ಹೋಗಿ ನೋಡಿದೆ. ನೀರು ತೀರ ತಿಳಿಯಾಗಿತ್ತು, ಬಾವಿಗೂ ಅದನ್ನೇ ಹಾಕುತ್ತಾರೆ, ಏನೂ ಆಗುವುದಿಲ್ಲ ಅಂದೆ. ಆದರೂ ಮಾಸ್ತರರು ಪಡಸಾಲೆಯಲ್ಲಿ ಬೀಗರ ಮುಂದೆ ಕೈಮುಗಿದು ನಿಂತರು. ಬಾಗಿಲ ಮರೆಯಲ್ಲಿ ಹುಡುಗಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಕೊನೆಗೆ ಗಂಡಿನ ತಂದೆಯೇ ಬಾಯಿ ಬಿಟ್ಟರು. "ಔಷಧ ಏನ್ರಿ? ಚಲೋ ಆತು ಬಿಡ್ರಿ. ಬೀಗರಿಗೆ ಸಕ್ಕರಿ ಇಲ್ಲದ ಶರಬತ್ತು ಕೊಡೋ ಮನಿ ನಮಗ ಬ್ಯಾಡ ಅಂತ ಏಳಾಕ ನಿಂತಿದ್ದೆ."

ಸಂಬಂಧ ಕೂಡಿತು.

೪. ಕೋಳಿ ನ್ಯಾಯ

ಮುದ್ದೇಬಿಹಾಳಕ್ಕೆ ವರ್ಗವಾದ ಮೇಲೆ, ತಾಳಿಕೋಟೆಯ ಹಾದಿಯ ಒಂದು ಹಳ್ಳಿಯಲ್ಲಿ ಅಕ್ಕಪಕ್ಕದ ಎರಡು ಮನೆಗೆ ಒಂದೊಂದು ಬಿಳಿ ಕೋಳಿ ಕೊಟ್ಟಿದ್ದೆ. ಒಂದನ್ನು ನಾಯಿ ಒಯ್ದಿತು. ಉಳಿದದ್ದು ಯಾರದು? ಎರಡೂ ಒಂದೇ ನಮೂನೆ, ಹಾಲಿನಂಥವು. ಇಬ್ಬರು ಹೆಣ್ಣುಮಕ್ಕಳ ನಡುವೆ ಬೆಂಕಿ, ನೀರು ಕೊಡುವುದು ನಿಂತು, ಸುದ್ದಿ ಎದುರಿಗೇ ಇದ್ದ ಪಂಚಾಯ್ತಿ ಚೇರಮನ್ನರ ಮನೆಯ ಕಟ್ಟೆಗೆ ಹೋಯಿತು. ನನ್ನನ್ನೂ ಕರೆಸಿದರು.

"ಡಾಕ್ಟರ, ರಕ್ತ ತಪಾಸ ಮಾಡಿ ಯಾರ ಕೋಳಿ ಹೇಳಿಬಿಡ್ರಿ," ಅಂದರು ಚೇರಮನ್ನರು.

"ರಕ್ತದಾಗ ಮಾಲಕರ ಹೆಸರು ಇರೂದಿಲ್ರಿ," ಅಂದೆ.

"ಇದು ನಂದರಿ!" ಅಂದಳು ಒಬ್ಬಳು. "ನನ್ನ ಕೋಳಿ ಸುಗ್ಗಿಯಿಂದ ಒಂದೂ ತತ್ತಿ ಇಟ್ಟಿಲ್ಲ, ಇದೂ ಇಡವಲ್ದು."

"ನಂದೂ ಇಟ್ಟಿಲ್ರಿ! ಅದಕ್ಕ ಇದು ನಂದ!" ಅಂದಳು ಇನ್ನೊಬ್ಬಳು.

ನಾನು ಕೋಳಿಯನ್ನು ತಿರುವಿ, ಹಿಂಭಾಗದ ಎಲುಬುಗಳ ನಡುವೆ ಬೆರಳಿಟ್ಟು ನೋಡಿದೆ; ತತ್ತಿ ಇಡುವ ಕೋಳಿಗೆ ಅಲ್ಲಿ ಅಗಲ ಇರುತ್ತದೆ. ತಲೆ ಕೆಟ್ಟಿತು. "ಇದು ತಪ್ಪದ ತತ್ತಿ ಇಡೋ ಕೋಳಿ ಐತ್ರಿ."

ಅಷ್ಟು ಸಾಕಾಯಿತು. "ಹಂಗಾರ ತತ್ತಿ ನೀನ ಕದ್ದಿ!" "ನೀ ಕದ್ದಿ!" ಅಂತ ಇಬ್ಬರೂ ಸೆರಗು ಕಟ್ಟಿದರು. ಗಂಡಂದಿರೂ ಎದ್ದು ನಿಂತರು. ಬಡಿದಾಟ ಆಗುವುದೊಂದೇ ಬಾಕಿ.

ಚೇರಮನ್ನರು ಕೈ ಎತ್ತಿದರು. "ಸುಮ್ನ ಕೂಡ್ರಿ! ತತ್ತಿ ಕದಿಯೋ ಮಂದಿ ನಮ್ಮೂರಾಗ ಇದ್ದಾರ ಅಂದ್ರ ನನಗ ನಾಚಿಕಿ. ಕೋಳಿ ಬಿಡ್ರಿ. ಅದು ಯಾರ ಮನಿ ಹೊಕ್ಕತೈತಿ, ಅವರ್ದ. ಆಮ್ಯಾಲ ಯಾರೂ ಪಿಟ್ಟ ಅನ್ನಬಾರದು."

ನ್ಯಾಯ ಎಲ್ಲರಿಗೂ ಒಪ್ಪಿಗೆಯಾಯಿತು. ಕೋಳಿಯನ್ನು ಅಂಗಳದಲ್ಲಿ ಬಿಟ್ಟೆವು. ಅದು ಮೈ ಝಾಡಿಸಿತು. ಬಲಗಡೆಯ ಮನೆ ನೋಡಿತು, ಎಡಗಡೆಯ ಮನೆ ನೋಡಿತು. ಆಮೇಲೆ ತಿರುಗಿ, ಚೇರಮನ್ನರ ಕಾಲ ಪಕ್ಕದಿಂದಲೇ ಕಟ್ಟೆ ಏರಿ, ಹೊಸ್ತಿಲು ಜಿಗಿದು, ನೇರ ಅವರ ಅಡುಗೆಮನೆಗೆ ಹೋಯಿತು.

ಒಳಗಿನಿಂದ ಚೇರಮನ್ನರ ಹೆಂಡತಿಯ ಧ್ವನಿ ಕಟ್ಟೆಗೆಲ್ಲ ಕೇಳಿಸಿತು:

"ಬಂದೇನವಾ? ಇವತ್ತ ಯಾಕ ಇಷ್ಟ ತಡ? ನಿನ್ನ ತತ್ತಿ ಸಲುವಾಗಿ ಇವರ ನಾಷ್ಟಾ ನಿಂತೈತಿ."