ಬೈಯೋದು ಬಿಟ್ಟ ಭಾವ, ಒದೆಯೋಕೆ ಶುರು ಮಾಡಿದ ಹಸು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕೂ ಕಡೆ ಡಾಕ್ಟರುಗಳಿಗೇ ತಿಳಿಯದ ಕಾಯಿಲೆ ಬಂದರೆ ಅವರು ಮೊದಲು ಫೋನ್ ಮಾಡೋದು ನನಗೆ. ಸುಳ್ಳು. ನಾನೇ ಒಂದು ಸಲ ಡಾಕ್ಟರಿಗೆ ಫೋನ್ ಮಾಡಿದ್ದೆ, ಅವರು ಎತ್ತಲಿಲ್ಲ. ಆದರೆ ಒಬ್ಬ ಮನುಷ್ಯನ ಒಳಗೆ ಯಾರ ಕಣ್ಣಿಗೂ ಬೀಳದೆ ಕೂತಿದ್ದ ಉರಿಯೂತವನ್ನ ಬೆಂಡೆಕಾಯಿ ಹಾಕಿ ಹೊರಗೆಳೆದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ. ಇದರಲ್ಲಿ ಸುಳ್ಳು ಅರ್ಧ ಮಾತ್ರ.

ಇಂಥವೆಲ್ಲ ನಾನು ಹೋದ ಕಡೆ ಆಗ್ತವೋ, ಆಗೋ ಕಡೆಗೇ ನಾನು ಹೋಗ್ತೀನೋ, ಅದನ್ನ ನಮ್ಮಕ್ಕನನ್ನ ಕೇಳಬೇಕು. ಟೀ ಬರಲಿ, ಹೇಳ್ತೀನಿ.

೧. ಒಂಟಿ ಚಪ್ಪಲಿ

ನಮ್ಮಕ್ಕನನ್ನ ಕೊಟ್ಟಿರೋದು ಸುಗಟೂರಿಗೆ. ಭಾವನಿಗೆ ಒಂದಿಷ್ಟು ರಾಗಿ ಹೊಲ, ಒಂದಿಷ್ಟು ಹಿಪ್ಪುನೇರಳೆ, ಕೊಟ್ಟಿಗೆ ತುಂಬ ಸೀಮೆಹಸು. ನಾನು ಹೋದಾಗಲೆಲ್ಲ ಅಲ್ಲಿ ಮಾಡೋ ಕೆಲಸ ಒಂದೇ. ಬೆಳಗ್ಗೆ ಅವರು ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಡೋ ಹೊತ್ತಿಗೆ ಸರಿಯಾಗಿ ಅವರ ಒಂದು ಚಪ್ಪಲಿಯನ್ನ ಹುಲ್ಲಿನ ಮೆದೆ ಮೇಲಕ್ಕೆ ಎಸೆಯೋದು.

ಆಮೇಲೆ ಅವರು ಬೈಯೋದನ್ನ ನೀವು ಕೇಳಬೇಕಿತ್ತು. ಕನ್ನಡದಲ್ಲಿ ಶುರುವಾಗುತ್ತೆ. "ಏನ್ಲಾ, ತಲೆಕೂದ್ಲು ನೆರೆತ್ರೂ ಬುದ್ಧಿ ಬರ್ಲಿಲ್ವೇನ್ಲಾ ನಿಂಗೆ!" ಸಿಟ್ಟು ಏರಿದ ಹಾಗೆಲ್ಲ ತೆಲುಗಿಗೆ ಹೊರಳುತ್ತೆ. ತೆಲುಗು ಬಂತು ಅಂದರೆ ಹಿಂದೆಯೇ ಕೋಲು ಬರುತ್ತೆ. ನಾನು ಓಡ್ತೀನಿ. ಇಬ್ಬರಿಗೂ ಹಬ್ಬ.

ಹೋದ ವರ್ಷವೂ ಎಸೆದೆ. ಭಾವ ಹೊರಗೆ ಬಂದರು. ಒಂಟಿ ಚಪ್ಪಲಿ ನೋಡಿದರು. ಮೆದೆ ನೋಡಿದರು. ನನ್ನನ್ನೂ ನೋಡಿದರು. ತುಟಿ ಬಿಚ್ಚಲಿಲ್ಲ. ಇದ್ದ ಆ ಒಂದನ್ನೂ ಅಲ್ಲೇ ಬಿಟ್ಟು ಬರಿಗಾಲಲ್ಲಿ ಡೈರಿ ಕಡೆ ನಡೆದುಬಿಟ್ಟರು.

ಒಳಗೆ ಹೋದರೆ ಅಕ್ಕ ಸೆರಗಲ್ಲಿ ಕಣ್ಣು ಒರೆಸ್ಕೋತಾ ಇದ್ದಳು. "ಮಳೆಗಾಲದಿಂದ ಹಿಂಗೇ ಕಣೋ. ಸರಿಯಾಗಿ ನಿದ್ದೆ ಇಲ್ಲ. ಮುದ್ದೆ ಅರ್ಧಕ್ಕೇ ಬಿಡ್ತಾರೆ. ಜಗಲಿ ಮೇಲೆ ಕೂತ್ರೆ ಕೂತೇ ಇರ್ತಾರೆ. ಊರೋರೆಲ್ಲ ಸೋಮಾರಿ ಆಗ್ಬಿಟ್ಟ ಅಂತಾರೆ. ನನ್ನ ಕೈಲಿ ಏನೂ ಆಗಲ್ಲ, ಹಸುಗಳನ್ನೆಲ್ಲ ಮಾರಿಬಿಡ್ತೀನಿ ಅಂತ ಕೂತವ್ರೆ. ಕೊಟ್ಟಿಗೆ ಖಾಲಿ ಆದ್ರೆ ಈ ಮನುಷ್ಯ ಉಳಿಯಲ್ಲ ಕಣೋ. ಮೊನ್ನೆ ಇವರ ದೊಡ್ಡಮ್ಮ ಮುಳಬಾಗಿಲಿಂದ ಬಂದು ನನ್ನ ಸಾರಿಗೆ ಹೆಸರಿಟ್ರು. ಇವರು ನನ್ನ ಪರವಾಗೂ ಮಾತಾಡ್ಲಿಲ್ಲ, ದೊಡ್ಡಮ್ಮನ ಪರವಾಗೂ ಮಾತಾಡ್ಲಿಲ್ಲ."

"ಅದು ಒಳ್ಳೇದೇ ಅಲ್ವೇನಕ್ಕ?"

"ಒಳ್ಳೇದೇ. ಅದಕ್ಕೇ ನಂಗೆ ಭಯ."

೨. ಮೆಣಸಿನಕಾಯಿಯ ತೀರ್ಪು

ನೆಂಟರೆಲ್ಲ ಫೋನಲ್ಲೇ ಕಾಯಿಲೆ ಹೇಳಿದರು. ಶ್ರೀನಿವಾಸಪುರದೋರು ಮಾವಿನಹಣ್ಣಿನ ಉಷ್ಣ ಅಂದರು. ಮಾಲೂರಿನೋರು ಮಾವಿನಹಣ್ಣು ತಿನ್ನದೇ ಇದ್ದದ್ದಕ್ಕೆ ಹಿಂಗಾಗಿದೆ ಅಂದರು. ಮುಳಬಾಗಿಲಿನ ದೊಡ್ಡಮ್ಮ ಮಾತ್ರ ಮನೆಯಲ್ಲೇ ಠಿಕಾಣಿ ಹೂಡಿದ್ದರು. "ದಿಷ್ಟಿ ರಾ ಇದಿ" ಅಂದು ಒಣಮೆಣಸಿನಕಾಯಿ ಹಿಡಿದು ಎದ್ದೇ ಬಿಟ್ಟರು.

ಲೆಕ್ಕಾಚಾರ ನಿಮಗೆ ಗೊತ್ತಿರುತ್ತೆ. ನಿವಾಳಿಸಿದ ಮೆಣಸಿನಕಾಯಿ ಒಲೆಗೆ ಹಾಕಿದಾಗ ಘಾಟು ಬರದಿದ್ದರೆ ದೃಷ್ಟಿ ಆಗಿದೆ ಅಂತ. ಬಂದರೆ ಆಗಿಲ್ಲ ಅಂತ. ದೃಷ್ಟಿ ಅಂತ ತೀರ್ಮಾನವಾದರೆ ಇವರು ಅಲ್ಲಿಗೇ ನಿಲ್ಲಿಸ್ತಾರೆ, ಆಸ್ಪತ್ರೆ ಮಾತೇ ಎತ್ತಲ್ಲ ಅಂತ ನನಗೆ ಹೆದರಿಕೆ. ಅದಕ್ಕೆ ಯಾರೂ ನೋಡದಾಗ ಒಲೆಗೆ ಮೊದಲೇ ಗುಂಟೂರಿನ ಮೆಣಸಿನಕಾಯಿ ಒಂದು ಬೊಗಸೆ ತುಂಬಿಸಿಟ್ಟೆ.

ದೊಡ್ಡಮ್ಮ ನಿವಾಳಿಸಿ ಹಾಕಿದರು ನೋಡಿ. ಮನೆ ಮಂದಿ, ಪಕ್ಕದ ಮನೆ ಮಂದಿ, ಕೊಟ್ಟಿಗೆಯ ಹಸು, ಎಲ್ಲರಿಗೂ ಕೆಮ್ಮು. ಭಾವ ಮಾತ್ರ ಕಣ್ಣಲ್ಲಿ ನೀರು ಸುರಿಸ್ಕೊಂಡು ಕೂತ ಜಾಗದಲ್ಲೇ ಕೂತಿದ್ದರು, ಎದ್ದು ಹೋಗೋಕೂ ಬೇಜಾರು ಅನ್ನೋ ಹಾಗೆ. ಬೀದಿಗೆ ಓಡಿದ ದೊಡ್ಡಮ್ಮ ಕಂಬ ಹಿಡ್ಕೊಂಡು ತೀರ್ಪು ಕೊಟ್ಟರು.

"ದಿಷ್ಟಿ ಲೇದು ರಾ! ಪ್ರಾಣಮೇ ಪೋತಾ ಉಂದಿ!"

ದೃಷ್ಟಿ ಇಲ್ಲವಂತೆ. ಪ್ರಾಣ ಮಾತ್ರ ಹೋಗ್ತಾ ಇದೆಯಂತೆ.

೩. ನಾಲ್ಕು ಕಾಲಿನವರ ಡಾಕ್ಟರು

ಅದೇ ವಾರ ಅವರ ಹಸುವೊಂದು ಹಾಲು ಕಡಿಮೆ ಮಾಡಿತು. ಸಾಧು ಹಸು ಅದು, ಕೈ ಇಟ್ಟರೆ ಒದೆಯೋಕೆ ಶುರು ಮಾಡಿತು. ಹಸುಗಳ ಡಾಕ್ಟರು ಬಂದರು. ಕೆಚ್ಚಲು ನೋಡಿದರೆ ಊತ ಇಲ್ಲ, ಗಾಯ ಇಲ್ಲ. ನಾಲ್ಕು ಬಟ್ಟಲಿನ ಒಂದು ತಟ್ಟೆ ತೆಗೆದು ನಾಲ್ಕೂ ಮೊಲೆಯ ಹಾಲು ಬೇರೆ ಬೇರೆ ಹಿಂಡಿ, ಏನೋ ದ್ರವ ಹುಯ್ದು ಅಲ್ಲಾಡಿಸಿದರು. ಮೂರು ಬಟ್ಟಲು ನೀರಾಗೇ ಇತ್ತು. ನಾಲ್ಕನೆಯದು ಲೋಳೆ ಲೋಳೆಯಾಗಿ ಗಟ್ಟಿಯಾಯಿತು.

"ಕೆಚ್ಚಲು ಬಾವು," ಅಂದರು. "ಒಳಗೊಳಗೇ ಇರುತ್ತೆ, ಹೊರಗೆ ಗೊತ್ತಾಗಲ್ಲ. ಅದಕ್ಕೇ ಹಾಲು ಕಡಿಮೆ, ಮೇವು ಬೇಡ, ಮಂಕು, ಸಿಟ್ಟು. ಮನೇಲೇ ನೋಡ್ಬೇಕು ಅಂದ್ರೆ ಬಟ್ಟೆ ಸೋಪಿನ ಪುಡಿ ನೀರಲ್ಲೂ ಗೊತ್ತಾಗುತ್ತೆ."

ನಾನು ಹಸುವಿನ ಮುಖ ನೋಡಿದೆ. ಪಕ್ಕದಲ್ಲಿ ಹಗ್ಗ ಹಿಡಿದು ನಿಂತಿದ್ದ ಭಾವನ ಮುಖ ನೋಡಿದೆ. ದೇವರಾಣೆ, ಎರಡೂ ಒಂದೇ ಮುಖ. ಹಗ್ಗ ಹಿಡಿದ ಕೈ ನೋಡಿದೆ. ಗೆಣ್ಣುಗಳು ದಪ್ಪಗಾಗಿದ್ದವು. ಆ ಕೈಯಲ್ಲಿ ಹಾಲು ಕರೆಯೋಕೆ ಆಗದೆ ಎಷ್ಟೋ ದಿನದಿಂದ ಅಕ್ಕನೇ ಕರೀತಾ ಇದ್ದಳು. ನಾವೆಲ್ಲ ಅದನ್ನೂ ಸೋಮಾರಿತನದ ಲೆಕ್ಕಕ್ಕೇ ಹಾಕಿದ್ದೆವು.

ಅಕ್ಕನಿಗೂ ಅದೇ ಹೊಳೀತು ಅಂತ ಕಾಣುತ್ತೆ. "ಡಾಕ್ಟ್ರೇ, ಇವರನ್ನೂ ಒಂದ್ಸಲ ನೋಡ್ಬಿಡ್ತೀರಾ?"

ಅವರು ತಟ್ಟೆ ತೊಳೀತಾ ಹೇಳಿದರು. "ನೋಡಬಹುದಮ್ಮ. ಆದ್ರೆ ಇವರು ಒದ್ರೆ ನಂಗೆ ಕಟ್ಟಿಹಾಕೋಕೆ ಬರಲ್ಲ."

೪. ಬೆಂಡೆಕಾಯಿ

ಭಾವ ಆಸ್ಪತ್ರೆಗೆ ಬರಲ್ಲ ಅಂದರೆ ಬರಲ್ಲ. "ವಯಸ್ಸಾಯ್ತು, ಅಷ್ಟೇ. ಹಸು ನೋಡೋಕೆ ಕ್ಯಾಲನೂರಿನ ದಲ್ಲಾಳಿ ಭಾನುವಾರ ಬರ್ತಾನೆ. ಮುಗೀತು."

ಭಾನುವಾರಕ್ಕೆ ಮುಂಚೆ ಏನಾದರೂ ಮಾಡಬೇಕಿತ್ತು. "ಭಾವ, ಮನುಷ್ಯರಿಗೂ ಅದೇ ಸೋಪಿನ ಪುಡಿ ಪರೀಕ್ಷೆ. ದೊಡ್ಡ ಆಸ್ಪತ್ರೆಯಲ್ಲೂ ಅದನ್ನೇ ಮಾಡೋದು, ಅಲ್ಲಿ ಬಟ್ಟಲು ಸ್ಟೀಲು, ಅಷ್ಟೇ ವ್ಯತ್ಯಾಸ" ಅಂದೆ. ಬೇರೆ ಯಾರಾದರೂ ಆಗಿದ್ದರೆ ಉಗಿದು ಕಳಿಸೋರು. ಆದರೆ ದಿನಾ ಬೆಳಗ್ಗೆ ಸಂಜೆ ಡೈರಿ ಕಿಟಕಿ ಮುಂದೆ ನಿಂತು ಹಾಲು ಪರೀಕ್ಷೆ ಮಾಡಿಸೋ ಮನುಷ್ಯನಿಗೆ ಬಟ್ಟಲಲ್ಲಿ ಕಂಡದ್ದೇ ಸತ್ಯ. "ಆಯ್ತು, ನೋಡು" ಅಂದರು.

ಸೋಪಿನ ಪುಡಿಯ ಬಟ್ಟಲಿಗೆ ನಾನು ಮೊದಲೇ ಬೆಂಡೆಕಾಯಿ ನೆನೆಸಿದ ಲೋಳೆ ಸೇರಿಸಿಟ್ಟಿದ್ದೆ. ಭಾವ ಬಾಯಿ ಮುಕ್ಕಳಿಸಿ ಅದಕ್ಕೆ ಉಗಿದರು. ನಾನು ಹಸುಗಳ ಡಾಕ್ಟರ ಥರಾನೇ ಹುಬ್ಬು ಗಂಟು ಹಾಕ್ಕೊಂಡು ಅಲ್ಲಾಡಿಸಿದೆ. ಎತ್ತಿ ಸುರಿದರೆ ದಾರದ ಹಾಗೆ ಇಳೀತು. ಭಾವನ ಮುಖ ಬಿಳಿಚಿಕೊಂಡಿತು. "ಲೇ... ನಮ್ಮ ಹಸುಗಿಂತ ಗಟ್ಟಿ ಐತಲ್ಲೋ!" ಅಂಗಿ ಹುಡುಕೋಕೆ ಓಡಿದರು.

ಅಷ್ಟು ಹೊತ್ತಿಗೆ ಅಡುಗೆಮನೆಯಿಂದ ಅಕ್ಕ ಕೂಗಿದಳು. "ಲೇ, ಹುಳಿಗೆ ಹೆಚ್ಚಿಟ್ಟಿದ್ದ ಬೆಂಡೆಕಾಯಿ ಎಲ್ಲೋ?"

"ಬಸ್ಸಿಗೆ ಹೊತ್ತಾಯ್ತು ಅಕ್ಕ!"

೫. ಡಾಕ್ಟರಮ್ಮ ಹೇಳಿದ್ದು

ಕೋಲಾರದ ಡಾಕ್ಟರಮ್ಮನ ಮುಂದೆ ಕೂತ ತಕ್ಷಣ ಭಾವ ಹೇಳಿಬಿಟ್ಟರು. "ಸೋಪಿನ ಪುಡಿಯಲ್ಲಿ ಗಟ್ಟಿ ಬಂತು ಮೇಡಂ." ಅವರು ನನ್ನ ಕಡೆ ನೋಡಿದರು. ನಾನು ಫ್ಯಾನ್ ಕಡೆ ನೋಡಿದೆ.

ಅವರು ನಗಲಿಲ್ಲ. ಭಾವನ ಎರಡೂ ಕೈ ಹಿಡಿದು ಒಂದೊಂದು ಗೆಣ್ಣನ್ನೂ ಮೆಲ್ಲಗೆ ಒತ್ತಿ ನೋಡಿದರು. ಬೆಳಗ್ಗೆ ಬೆರಳು ಮಡಚೋಕೆ ಆಗುತ್ತಾ ಅಂತ ಕೇಳಿದರು. "ಬಿಸಿಲೇರೋವರೆಗೂ ಆಗಲ್ಲ" ಅಂದರು ಭಾವ. ನಮಗೆ ಯಾರಿಗೂ ಹೇಳಿರಲಿಲ್ಲ ಅದನ್ನ. ರಕ್ತ ಪರೀಕ್ಷೆ ಆಯಿತು. ಮುಂದಿನ ಸಲ ಹೋದಾಗ ಡಾಕ್ಟರಮ್ಮ ಬಿಡಿಸಿ ಹೇಳಿದರು.

"ಕಾಲಿಗೆ ಮುಳ್ಳು ಚುಚ್ಚಿದ್ರೆ ಊದುತ್ತೆ, ಬಿಸಿಯಾಗುತ್ತೆ ಅಲ್ವಾ? ಅದನ್ನೇ ಉರಿಯೂತ ಅನ್ನೋದು, ದೇಹದ ಕಾವಲುಗಾರರು ಬಂದು ಮಾಡೋ ಕೆಲಸ. ಕೆಲಸ ಮುಗಿದ ಮೇಲೆ ಅವರು ಹೋಗಬೇಕು. ನಿಮ್ಮಲ್ಲಿ ಹೋಗ್ತಾ ಇಲ್ಲ. ಕಳ್ಳ ಇಲ್ಲದಿದ್ರೂ ಮನೆಯವರನ್ನೇ ಹಿಡಿದು ಹೊಡೀತಾ ಇದಾರೆ. ಕೀಲಿನಲ್ಲಿ ಶುರುವಾದ್ರೂ ಅದು ಅಲ್ಲೇ ಇರಲ್ಲ. ರಕ್ತದಲ್ಲಿ ಓಡಾಡುತ್ತೆ. ಹೃದಯಕ್ಕೂ ಒಳ್ಳೇದಲ್ಲ. ಮೆದುಳಿಗೂ ಅದರ ಬಿಸಿ ತಟ್ಟುತ್ತೆ. ಸುಸ್ತು, ನಿದ್ದೆ ಇಲ್ಲ, ಯಾವುದೂ ಬೇಡ ಅನ್ಸೋದು. ಬೇಜಾರಿಗೆ ಬೇರೆ ಕಾರಣಗಳೂ ಇರಬಹುದು, ಅದನ್ನೂ ನೋಡೋಣ. ಆದ್ರೆ ಇದಂತೂ ಅದನ್ನ ಹೆಚ್ಚು ಮಾಡಿದೆ. ಬೇಜಾರು ಮತ್ತೆ ಇದನ್ನ ಹೆಚ್ಚು ಮಾಡುತ್ತೆ."

ಭಾವ ತಮ್ಮ ಗೆಣ್ಣುಗಳನ್ನ ಒಂದೊಂದಾಗಿ ಸವರಿಕೊಂಡರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು.

"ಹಂಗಾದ್ರೆ ನಾನು ಸೋಮಾರಿ ಅಲ್ವಾ ಮೇಡಂ?"

"ಅಲ್ಲ. ಇಷ್ಟು ನೋವಲ್ಲಿ ಡೈರಿಗೆ ನಡೆದಿದೀರಲ್ಲ, ಸೋಮಾರಿ ಕೈಲಿ ಅದು ಆಗಲ್ಲ."

ನೋಡಿ, ಬೆರಳ ಗೆಣ್ಣಿನಲ್ಲಿ ಎದ್ದ ಬಿಸಿ ತಲೆವರೆಗೆ ಹೋಗಿ ಒಬ್ಬ ಮನುಷ್ಯನ ನಗುವನ್ನ, ಬೈಗುಳವನ್ನ, ತೆಲುಗನ್ನ ಎಲ್ಲ ಒರೆಸಿಬಿಡುತ್ತಾ? ಈ ಒಂದು ಚರ್ಮದ ಚೀಲದೊಳಗೆ ಯಾವುದಕ್ಕೆ ಯಾವ ತಂತಿ ಎಳೆದಿಟ್ಟಿದಾನೋ ಆ ಭಗವಂತ! ನಾನು ಕೈ ಮುಗಿಯೋದೊಂದು ಬಾಕಿ. ಯಾರಿಗೆ ಮುಗೀಬೇಕು ಅಂತಲೇ ತಿಳೀಲಿಲ್ಲ.

ಮಾತ್ರೆ ಬರೆದರು. ಬಿಡದೆ ತಗೋಬೇಕು, ಆಗಾಗ ಬಂದು ರಕ್ತ ತೋರಿಸ್ಬೇಕು, ದಿನಾ ಸ್ವಲ್ಪ ನಡೀಬೇಕು, ಕೈಗೂ ವ್ಯಾಯಾಮ ಬೇಕು ಅಂದರು. ಕೊನೆಗೆ ಕೇಳಿದರು. "ಬೀಡಿ ಸೇದ್ತೀರಾ?"

ಭಾವ ನನ್ನ ಕಡೆ ಬೆರಳು ತೋರಿಸಿದರು. "ಇವನು ಬಂದಾಗ ಮಾತ್ರ ಮೇಡಂ."

"ಬೀಡಿ ಪೂರ್ತಿ ಬಿಡಿ. ಇವರನ್ನ ಆದಷ್ಟು ಕಡಿಮೆ ಮಾಡಿ."

೬. ಅಕ್ಕನ ಥರ್ಮಾಮೀಟರು

ದಲ್ಲಾಳಿಯನ್ನ ಅಕ್ಕ ಬಾಗಿಲಿಂದಲೇ ಕಳಿಸಿದಳು. ಮಾತ್ರೆ ಒಂದೇ ವಾರಕ್ಕೆ ಪವಾಡ ಮಾಡಲಿಲ್ಲ. ಒಂದು ದಿನ ಮೇಲು, ಒಂದು ದಿನ ಕೀಳು. ಹಾಗೇ ನಿಧಾನಕ್ಕೆ ಬೇಸಿಗೆ ಬಂತು, ನಾನೂ ಹೋದೆ. ಅಕ್ಕ ನನ್ನ ಕೈಗೆ ಕಾಫಿ ಕೊಡೋ ಬದಲು ಭಾವನ ಚಪ್ಪಲಿ ಕೊಟ್ಟಳು. "ಎಸೀ. ನೋಡೋಣ."

ಎಸೆದೆ. ಇಬ್ಬರೂ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತೆವು. ಭಾವ ಬಂದರು. ಒಂಟಿ ಚಪ್ಪಲಿ ನೋಡಿದರು. ಮೆದೆ ನೋಡಿದರು. ಎಷ್ಟು ಹೊತ್ತು ಸುಮ್ಮನೆ ನಿಂತರು ಅಂದರೆ ಅಕ್ಕ ನನ್ನ ತೋಳಿಗೆ ಉಗುರು ನೆಟ್ಟುಬಿಟ್ಟಳು.

"ಏನ್ಲಾ... ಬಂದ್ಯೇನ್ಲಾ ಬೇವರ್ಸಿ!"

"ಕನ್ನಡದಲ್ಲೇ ಅವ್ರೆ" ಅಂದಳು ಅಕ್ಕ ಪಿಸುಗುಟ್ಟಿ. "ಇನ್ನೂ ತಡೀ."

ಆಮೇಲೆ ಬಂತು ನೋಡಿ, ಆಂಧ್ರದ ಅಂಚಿನ ರಾಯಲ್ಪಾಡಿನ ಗಡಿ ದಾಟಿದ ಅಪ್ಪಟ ತೆಲುಗು. ಹಿಂದೆಯೇ ಕೋಲು. ನಾನು ಓಡ್ತಾ ತಿರುಗಿ ನೋಡಿದರೆ ಅಕ್ಕ ಬಾಗಿಲಲ್ಲಿ ನಿಂತು ಅಳ್ತಾ ನಗ್ತಾ ಕೂಗ್ತಿದ್ದಳು. "ಇನ್ನೂ ಜೋರಾಗಿ ಹೊಡೀರಿ! ಡಾಕ್ಟ್ರು ಕೈಗೆ ವ್ಯಾಯಾಮ ಬೇಕು ಅಂದವ್ರೆ!"

೭. ನನ್ನ ಬಟ್ಟಲು

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಭಾವ ನನ್ನನ್ನೇ ದಿಟ್ಟಿಸಿದರು. "ಯಾಕೋ, ಮುಖ ಮಂಕಾಗೈತೆ? ನಾನೂ ಮೊದಮೊದಲು ಹಿಂಗೇ ಇದ್ದೆ." ಅಕ್ಕ ಹೌದು ಅಂದಳು. ದೊಡ್ಡಮ್ಮ ಫೋನಲ್ಲಿ ನನ್ನ ದನಿ ಕೇಳಿಯೇ "ಗೊಂತು ಬಾಗಲೇದು" ಅಂದರು, ಸ್ವರ ಸರಿ ಇಲ್ಲವಂತೆ. ಸಂಜೆ ಹೊತ್ತಿಗೆ ನನಗೆ ನಿಜವಾಗಿಯೂ ಮಂಕಾಯಿತು. ಮಂಡಿ ನೋಯೋಕೂ ಶುರುವಾಯಿತು.

"ಸೋಪಿನ ಪುಡಿಯಲ್ಲಿ ಒಂದ್ಸಲ ನೋಡ್ಕೊಂಬಿಡು" ಅಂದರು ಭಾವ. ಬಟ್ಟಲು ಸಿದ್ಧವಾಗೇ ಇತ್ತು. ಬಾಯಿ ಮುಕ್ಕಳಿಸಿ ಉಗಿದೆ. ಅಲ್ಲಾಡಿಸಿದೆ. ದಾರದ ಹಾಗೆ ಇಳೀತು.

ನನ್ನ ಬುದ್ಧಿ ಹೆಂಗೆ ಓಡಿತು ಕೇಳಿ. ಭಾವನ ಬಟ್ಟಲು ಗಟ್ಟಿಯಾಗಿದ್ದು ನಾನು ಬೆಂಡೆಕಾಯಿ ಹಾಕಿದ್ದಕ್ಕೆ. ಈ ಬಟ್ಟಲಿಗೆ ನಾನು ಬೆಂಡೆಕಾಯಿ ಹಾಕಿಲ್ಲ. ಅಂದಮೇಲೆ ಇದು ನಿಜವಾದ ಉರಿಯೂತವೇ!

ಮಾರನೇ ಬೆಳಗ್ಗೆ ಮೊದಲ ಬಸ್ಸಿಗೇ ಕೋಲಾರಕ್ಕೆ ಬಿದ್ದು ಬಂದೆ. ಡಾಕ್ಟರಮ್ಮನ ಮುಂದೆ ಕೂತು ಕಣ್ಣಲ್ಲಿ ನೀರು ತಂದುಕೊಂಡು, "ಸೋಪಿನ ಪುಡಿಯಲ್ಲಿ ಗಟ್ಟಿ ಬಂತು ಮೇಡಂ" ಅಂದೆ.

ಅವರು ಪೆನ್ನು ಕೆಳಗಿಟ್ಟರು. "ನಿಮ್ಮ ಭಾವ ಈಗಷ್ಟೇ ಫೋನ್ ಮಾಡಿದ್ರು. ಬೆಂಡೆಕಾಯಿ ಎಳೇದಾಗಿತ್ತಾ ಕೇಳಿ ಅಂದ್ರು."

ಆಮೇಲೆ ಅವರಿಗೆ ನಗು ತಡೆಯೋಕೆ ಆಗಲಿಲ್ಲ. ನನಗೂ. ಚೇಷ್ಟೆ ಮಾಡೋ ಅಷ್ಟು ಜೀವ ಭಾವನಿಗೆ ವಾಪಸ್ ಬಂದಿತ್ತಲ್ಲ! ಆದರೆ ಬಂದವನನ್ನ ಆ ತಾಯಿ ಸುಮ್ಮನೆ ಬಿಡಲಿಲ್ಲ. ಹೊಟ್ಟೆ ಸುತ್ತಳತೆ ತೆಗೆದರು, ರಕ್ತ ತೆಗೆದರು, ಕೊನೆಗೆ ಬೀಡಿಯ ಜೊತೆ ನನ್ನ ಸಕ್ಕರೆಯನ್ನೂ ಕಿತ್ಕೊಂಡರು.

ಅದಕ್ಕೇ ನೋಡಿ ಈ ಟೀ ಇಷ್ಟು ಸಪ್ಪೆ. ಸಕ್ಕರೆ ಇಲ್ಲದ ಟೀಗೆ ಕಾಸು ಬಿಚ್ಚಿದರೆ ನನಗೆ ಒಳಗೊಳಗೇ ಉರಿಯುತ್ತೆ, ಅದು ಮೆದುಳಿಗೆ ಒಳ್ಳೇದಲ್ಲ ಅಂತ ಡಾಕ್ಟರಮ್ಮನೇ ಹೇಳಿದಾರೆ. ನೀವೇ ಕೊಟ್ಟುಬಿಡಿ.