ಪದ್ಮಿನಿಯ ಕಾಲು, ಅಂಬಾಸಡರಿನ ನಡಿಗೆ

ನಮ್ಮ ಭಾವನವರಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಲು ಮನೆಯಲ್ಲಿ ನನಗಿಂತ ಹಿರಿಯರಿದ್ದಾರೆ. ಅವರ ಹಕ್ಕನ್ನು ನಾನೇಕೆ ಕಸಿದುಕೊಳ್ಳಲಿ?

ಅವತ್ತು ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಫೋನು ಬಂತು. ನಮ್ಮ ಮನೆಯವರ ಅಣ್ಣ, ಅಂದರೆ ಇದೇ ಭಾವನವರು, ನಿಲಂಗಾದಿಂದ ಕೂಗುತ್ತಿದ್ದರು. ಫೋನು ಇಲ್ಲದಿದ್ದರೂ ನಮ್ಮೂರು ಉಮರ್ಗಾಕ್ಕೆ ಕೇಳುವಂಥ ದನಿ!

"ತಂಗೀ, ಪದ್ಮಿನಿ ಸಿಕ್ಕಾಳ! ಸಂಜೀಕ ಬರ್ತೀನಿ. ಅವ್ವಗ ಹೇಳು, ಇನ್ನ ಚಿಂತಿ ಬಿಡು ಅಂತ!"

ಮೊರ ಕೆಳಗಿಟ್ಟೆ. ಐವತ್ತು ದಾಟಿದ ಗಂಡಸು! ಮದುವೆಗೆ ಬಂದ ಮಗಳ ತಂದೆ! ಒಲೆಯ ಮುಂದಿದ್ದ ಅವರ ಹೆಂಡತಿಗೆ, ನನ್ನ ಹಿರಿಯ ನೆಗೆಣ್ಣಿಗೆ, ಇದನ್ನು ಯಾವ ಬಾಯಿಂದ ಹೇಳುವುದು? ಶಿವನ ಮೇಲೆ ಭಾರ ಹಾಕಿ ಹೇಳಿಬಿಟ್ಟೆ. ಅಕ್ಕ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಕೇಳಿದರು:

"ಯಾವ ಮಾಡಲ್ ಅಂತ ಕೇಳಿದ್ಯೇನ?"

ಪದ್ಮಿನಿ ಎಂದರೆ ಕಾರು! ನಾನು ಬದುಕಿದೆ. ಅಕ್ಕನ ಸಂಸಾರವೂ ಬದುಕಿತು. ಶಿವನ ದಯೆ ಸಣ್ಣದೇ ಇರಲಿ, ಲೆಕ್ಕಕ್ಕೆ ಹಿಡಿಯಬೇಕು.

ಭಾವನವರಿಗೆ ಕಾಳಿನ ಅಡತಿ ಅಂಗಡಿ ಉಂಟು. ಆದರೆ ಅವರು ಗಾದಿಯ ಮೇಲೆ ಕೂತದ್ದಕ್ಕಿಂತ ನಮ್ಮ ಹಳೇ ಅಂಬಾಸಡರಿನ ಕೆಳಗೆ ಮಲಗಿದ್ದೇ ಹೆಚ್ಚು. ಬೆಳಗಿನ ಪೂಜೆಯಲ್ಲಿ ಅಂಗೈಯೊಳಗೆ ಇಷ್ಟಲಿಂಗ, ಮನಸ್ಸಿನೊಳಗೆ ಕಾರಿನ ಹಿಂದಿನ ಪಾಟಾ ಸ್ಪ್ರಿಂಗು! ಹಣೆಯ ವಿಭೂತಿಯ ಪಕ್ಕದಲ್ಲಿ ಸದಾ ಒಂದು ಗ್ರೀಸಿನ ಗೆರೆ. ಒಮ್ಮೆ ಪೂಜೆಯ ನಡುವೆ ಕಣ್ಣು ಮುಚ್ಚಿಕೊಂಡೇ "ಸಿಕ್ತು!" ಎಂದು ಚೀರಿದರು. ಅಕ್ಕ ಓಡಿಬಂದು, "ಏನ್ರೀ, ದರ್ಶನ ಆಯ್ತೇನು?" ಎಂದರೆ, "ಹೂಂ, ನಟ್ಟು ಬಿಚ್ಚೋ ಹದಿನಾಲ್ಕರ ಪಾನಾ ಎಲ್ಲಿಟ್ಟೀನಿ ಅಂತ ನೆನಪಾಯ್ತು" ಎಂದರು!

ಆದರೆ ಈ ಪದ್ಮಿನಿಯ ಗದ್ದಲಕ್ಕೆ ಬೇರೆಯದೇ ಕಾರಣವಿತ್ತು.

ನಮ್ಮ ಸೀಮೆಯಲ್ಲಿ ಬೆಳಗಿನ ಜಾವ ಆದ ಆ ಭೂಕಂಪದಲ್ಲಿ ನಮ್ಮ ಮನೆಯ ಒಂದು ಗೋಡೆ ಹೋಯಿತು, ಜೀವಗಳು ಉಳಿದವು. ನಮ್ಮ ಅತ್ತೆಯ ತವರು ಸಾಸ್ತೂರ. ಅಲ್ಲಿ ಆ ಮನೆಯಲ್ಲಿ ಉಳಿದದ್ದು ಅವರ ತಂಗಿ ಒಬ್ಬರೇ. ಸೊಂಟ ಮುರಿದಿದ್ದ ಅವರನ್ನು ಮಗಳು ಉದಗೀರಕ್ಕೆ ಕರೆದುಕೊಂಡು ಹೋದಳು. ತಂಗಿ ಹಾಸಿಗೆ ಬಿಟ್ಟು ದೂರ ಬರಲಾರರು. ಅತ್ತೆ ಕಾರಿನಲ್ಲಿ ಕೂರಲಾರರು. ಯಾಕೆಂದರೆ ಆ ಬೆಳಗಿನಿಂದ ಅತ್ತೆಗೆ ಅಲುಗಾಟವೆಂದರೆ ಆಗದು. ನಮ್ಮ ಅಂಬಾಸಡರಿನದು ಕೈ ಇರುವಂಥ ಹಳೇ ಜಾತಿಯ ಶಾಕಪ್, ಅಂದರೆ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್. ಎಣ್ಣೆ ಸೋರಿ ಸೋರಿ ಆ ಕೈ ಸೋತುಹೋಗಿತ್ತು. ಒಂದು ತಗ್ಗು ದಾಟಿದರೆ ಮುಂದಿನ ತಗ್ಗು ಬರುವ ತನಕ ಹಿಂದಿನ ಸೀಟು ತೊಟ್ಟಿಲಿನಂತೆ ತೂಗುತ್ತಿತ್ತು. ಪ್ರತಿಸಲ ಊರ ಹೊರಗಿನ ಸುಂಕದ ನಾಕಾದಲ್ಲೇ ಅತ್ತೆ ಬಾಗಿಲು ಹಿಡಿದು, "ನಿಂದರ್ಸೋ ತಮ್ಮಾ! ನೆಲ ಅಳ್ಳಾಡ್ಲತ್ತದ, ನಿಂದರ್ಸೋ!" ಎಂದು ಇಳಿದುಬಿಡುತ್ತಿದ್ದರು. ತಂಗಿಗೆಂದು ಕಟ್ಟಿದ ಶೇಂಗಾ ಹೋಳಿಗೆಯ ಬುತ್ತಿ ಮನೆಗೆ ವಾಪಸು ಬರುತ್ತಿತ್ತು. ಅದನ್ನು ನಾವೇ ತಿನ್ನುತ್ತಿದ್ದೆವು.

ಸಂಜೆ ಭಾವನವರು ಬಸ್ಸಿನಿಂದ ಇಳಿದರು, ಟವಲಿನಲ್ಲಿ ಸುತ್ತಿದ ಎರಡು ಕೂಸುಗಳನ್ನು ಎತ್ತಿಕೊಂಡಂತೆ. ಕಂಡಕ್ಟರ್ "ಕಾಯ್ ಆಹೇ ಹೇ?" ಏನಿದು, ಎಂದು ಮರಾಠಿಯಲ್ಲಿ ಕೇಳಿದನಂತೆ. ಇವರು "ಪದ್ಮಿನೀಚೆ ಪಾಯ್," ಪದ್ಮಿನಿಯ ಕಾಲು, ಎಂದರಂತೆ! ಪಕ್ಕದವನು ಎದ್ದು ಹೋದ. ಇವರು ಇಡೀ ಸೀಟಿನಲ್ಲಿ ಆರಾಮಾಗಿ ಬಂದರು.

ನಮ್ಮೆದುರು ಟವಲು ಬಿಚ್ಚಿ, ಪದ್ಮಿನಿಯ ಒಂದು ಶಾಕಪ್ಪನ್ನು ನೆಲಕ್ಕೆ ನಿಲ್ಲಿಸಿ ತೋರಿಸಿದರು. "ನೋಡ್ರಿ, ಒತ್ತಿದ್ರೂ ನಿಧಾನ, ಜಗ್ಗಿದ್ರೂ ನಿಧಾನ. ಇದೇ ಇದರ ಗುಣ."

"ಥೇಟ್ ನಿಮ್ಮಂಗ," ಎಂದರು ಅಕ್ಕ.

ಅತ್ತೆ ದೂರವೇ ನಿಂತಿದ್ದರು. "ಶಾಕ್ ಅಂತೀರಿ, ಕರೆಂಟ್ ಹೊಡೀತದೇನೋ?"

"ಇಲ್ಲವ್ವಾ! ನಿಲಂಗಾದ ಅರಿವಿ ಸಾವುಕಾರರ ಗಾಡಿಂದು. ಭೂಕಂಪದಾಗ ಮುಂದಿನ ಮಾರಿ ಮ್ಯಾಲ ಗ್ವಾಡಿ ಬಿತ್ತು. ಹಿಂದಿಂದು ಹಂಗೇ ಉಳದದ."

ಅತ್ತೆ ಹತ್ತಿರ ಬಂದು ಅದನ್ನು ಮುಟ್ಟಿ ನೋಡಿದರು. "ಅಂಥಾದ್ರಾಗಿಂದ ಉಳದು ಬಂದದೇನು? ಇರ್ಲಿ ಬಿಡು, ಮನ್ಯಾಗಿರ್ಲಿ."

ಮರುದಿನದಿಂದ ಮನೆಯಲ್ಲಿ ಚಪ್ಪಲಿಗಳು ಒಂಟಿಯಾಗತೊಡಗಿದವು. ಶಾಕಪ್ಪಿನ ಕಣ್ಣಿಗೆ, ಅಂದರೆ ತುದಿಯ ಬಳೆಗೆ, ರಬ್ಬರಿನ ಬುಷ್ ಬೇಕಂತೆ; ಹವಾಯಿ ಚಪ್ಪಲಿಯ ರಬ್ಬರಿಗೆ ಸಮನಾದದ್ದು ಇಲ್ಲವಂತೆ! ಪಾದಪೂಜೆಗೆ ಬಂದ ಅಯ್ಯನವರು ಬಾಗಿಲಲ್ಲಿ ಬಿಟ್ಟದ್ದನ್ನೂ ಭಾವನವರು ಬಿಡಲಿಲ್ಲ. "ನಿಮ್ಮ ಪಾದ ಮುಟ್ಟಿದ್ದು ಗಾಡೀಗೆ ಒಳ್ಳೇದು ಬುದ್ಧೀ," ಎಂದು ಕೈ ಮುಗಿದರು. ಪಾಪ, ಅಯ್ಯನವರು ಆಶೀರ್ವಾದ ಮಾಡಿ ಬರಿಗಾಲಲ್ಲಿ ನಡೆದರು.

ಅಂಬಾಸಡರಿನ ಹೊಟ್ಟೆಯಡಿ ಹೊಸ ಪಟ್ಟಿ ವೆಲ್ಡಿಂಗ್ ಮಾಡಿಸಿ, ಪದ್ಮಿನಿಯ ಕಾಲು ಕೂರಿಸಿದ್ದಾಯಿತು. ಮೊದಲ ಸವಾರಿಗೆ ನಾನೂ ನಮ್ಮ ಮನೆಯವರೂ ಹಿಂದೆ ಕೂತೆವು. ಏನು ಹೇಳಲಿ! ತೂಗಾಟ ಹೋಗಿತ್ತು, ನಿಜ. ಅದರ ಬದಲು ಒಂದೊಂದು ಕಲ್ಲಿಗೂ ಧಡ್! ಧಡ್! ನನ್ನ ತುರುಬು ಬಿಚ್ಚಿತು, ನಮ್ಮ ಮನೆಯವರ ಟೋಪಿ ಮುಂದಿನ ಸೀಟಿಗೆ ಹೋಯಿತು. ಭಾವನವರು ಗಾಡಿಯನ್ನು ಜಾಕಿನ ಮೇಲೆ ಎತ್ತಿ, ಗಾಲಿಗಳು ಜೋತಾಡುವಾಗ ಉದ್ದ ಅಳೆದಿದ್ದರಂತೆ. ಕೆಳಗಿಳಿಸಿ ಜನ ಕೂತ ಕೂಡಲೇ ಶಾಕಪ್ಪು ಪೂರಾ ಮಡಚಿ ಕಲ್ಲಾಗಿಬಿಟ್ಟಿತ್ತು!

ಕಟ್ಟೆಯ ಮೇಲಿಂದ ನೋಡುತ್ತಿದ್ದ ಅತ್ತೆ ಹೇಳಿದರು: "ಇದಕ್ಕಿಂತ ಆ ಭೂಕಂಪನೇ ಛಲೋ ಇತ್ತಲ್ಲೋ!"

ಆ ಶಬ್ದವನ್ನು ಅತ್ತೆ ಬಾಯಲ್ಲಿ ಆಡಿದ್ದೇ ಅವತ್ತು ಮೊದಲು! ಮೊದಲು ನಕ್ಕವರು ಭಾವನವರು. ಸೋತ ಮನುಷ್ಯ ಹಾಗೆ ನಗುವುದನ್ನು ನಾನು ಕಂಡಿರಲಿಲ್ಲ.

ಎರಡನೇ ಸಲ ಅವರು ನಮ್ಮನ್ನು ನಂಬಲಿಲ್ಲ, ಜೋಳವನ್ನು ನಂಬಿದರು. ಅಂಗಡಿಯಿಂದ ಚೀಲ ತರಿಸಿ ಹಿಂದಿನ ಸೀಟಿನಲ್ಲಿ ಕೂರಿಸಿದರು. ಭಾರ ಹೊತ್ತು ನಿಂತ ಗಾಡಿಯನ್ನೇ ಅಳೆಯಬೇಕಂತೆ.

"ಇದು ಅವ್ವ. ಇದು ನಮ್ಮಾಕಿ. ಈ ದೊಡ್ಡದು ತಂಗಿ."

ನನ್ನ ಚೀಲ ಬಾಯಿತನಕ ತುಂಬಿತ್ತು! ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕರು. ನಾನು ಕುಪ್ಪಸ ಸಡಿಲು ಮಾಡಿಸಿದ ಸುದ್ದಿ ಇವರಿಗೆ ಹೇಗೆ ತಿಳಿಯಿತು ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅತ್ತೆ ಒಳಗಿಂದ ಸೇರು ತಂದರು. ತಮ್ಮ ಚೀಲದ ಬಾಯಿ ಬಿಚ್ಚಿ, ಜೋಳ ತೋಡಿ ತೋಡಿ ಬುಟ್ಟಿಗೆ ಸುರಿದರು.

"ಇಷ್ಟು ನಾ ಈಗಿಲ್ಲೋ ತಮ್ಮಾ."

ಭಾವನವರು ತೂಗಿದ್ದು ಭೂಕಂಪದ ಹಿಂದಿನ ಅವ್ವನನ್ನು. ಅರ್ಧಕ್ಕಿಳಿದ ಚೀಲವನ್ನು ಸ್ವಲ್ಪ ಹೊತ್ತು ನೋಡಿದರು. ಟೇಪು ಹಿಡಿದು ಕಾರಿನ ಕೆಳಗೆ ಹೋದರು.

ಪಟ್ಟಿ ಬಿಚ್ಚಿ ಮತ್ತೆ ಬೆಸೆದ ಮೇಲೆ, ಸೋಮವಾರ ಬೆಳಿಗ್ಗೆ ಕಾಯಿ ಒಡೆದು ಹೊರಟೆವು. ಅತ್ತೆಯ ಒಂದು ಕೈ ಬಾಗಿಲ ಮೇಲೆ, ಒಂದು ಕೈ ನನ್ನ ಕೈಯೊಳಗೆ. ನಾಕಾ ಬಂತು. ತಗ್ಗು ಬಂತು. ಗಾಡಿ ಒಮ್ಮೆ ಬಾಗಿತು, ಎದ್ದಿತು, ಸುಮ್ಮನಾಯಿತು. ಭಾವನವರು ಕನ್ನಡಿಯಲ್ಲಿ ನೋಡಿದರು. ಅತ್ತೆ ನಿಂದರ್ಸೋ ಅನ್ನಲಿಲ್ಲ. ನಾನು ಪಂಚಾಕ್ಷರಿ ಜಪಿಸುತ್ತಲೇ ಇದ್ದೆ. ನಿಲಂಗಾ ಬರುವ ಮೊದಲೇ ನನ್ನ ಭುಜದ ಮೇಲೆ ಏನೋ ಭಾರ ಬಿತ್ತು. ಅತ್ತೆಯ ತಲೆ! ಭೂಕಂಪವಾದಂದಿನಿಂದ ಬೆಕ್ಕು ಹಾರಿದರೂ ಎದ್ದು ಕೂರುವ ಜೀವ, ಬಾಯಿ ತೆರೆದು ನಿದ್ದೆ ಹೋಗಿತ್ತು.

ಅಲ್ಲಿಂದ ಮುಂದೆ ಭಾವನವರು ಹಾರ್ನ್ ಹೊಡೆಯಲಿಲ್ಲ. ಎಮ್ಮೆಗಳಿಗೂ ಕೈಸನ್ನೆ ಮಾಡಿದರು! ಉದಗೀರದ ಓಣಿಯಲ್ಲಿ ಅತ್ತೆಯ ತಂಗಿಯನ್ನು, ನಮ್ಮ ಚಿಕ್ಕತ್ತೆಯನ್ನು, ಬಾಗಿಲ ಮುಂದೆಯೇ ಹೊರಸು ಹಾಕಿ ಕೂರಿಸಿದ್ದರು. ಭಾವನವರು ಕನ್ನಡಿಯಲ್ಲಿ ಮಲಗಿದ್ದ ಅವ್ವನನ್ನು ನೋಡಿದರು, ಗಾಡಿ ನಿಲ್ಲಿಸದೆ ಮುಂದೆ ಹೋದರು!

"ಏ ಹುಚ್ಚಾ, ಮನಿ ಇಲ್ಲೇ ಅದನೋ!" ಚಿಕ್ಕತ್ತೆ ಕೂಗಿದರು.

ಕೋಟೆಯ ತನಕ ಹೋಗಿ, ಒಂದು ಸುತ್ತು ಹೊಡೆದು, ಬಾಗಿಲಿಗೆ ಮೆಲ್ಲಗೆ ನಿಲ್ಲಿಸಿದರು. ಅಲುಗಾಟ ನಿಂತದ್ದಕ್ಕೇ ಅತ್ತೆಗೆ ಎಚ್ಚರವಾಯಿತು.

"ಯಾಕೋ ತಮ್ಮಾ, ಯಾಕ ನಿಂದರ್ಸಿದಿ?"

ಭಾವನವರು ಇಳಿದು, ಹೊಸ ಧೋತರದಲ್ಲೇ ಕಾರಿನ ಕೆಳಗೆ ಹೋದರು. ನಟ್ಟು ನೋಡಲಿಕ್ಕಂತೆ. ಬಹಳ ಹೊತ್ತು ಹೊರಗೆ ಬರಲಿಲ್ಲ.

ಹೊರಸಿನ ಮೇಲೆ ಅತ್ತೆ, ಚಿಕ್ಕತ್ತೆ ಒಬ್ಬರ ಮುಖ ಒಬ್ಬರು ಸವರುತ್ತಿದ್ದರು. ನಾನು ಬುತ್ತಿಯ ಗಂಟನ್ನು ಅವರ ನಡುವೆ ಇಟ್ಟೆ. ಒಳಗೆ ಹೋಗಿ, ಸೆರಗು ಸಿಕ್ಕಿಸಿ, ರೊಟ್ಟಿಗೆ ಎಸರಿಟ್ಟೆ.